ನೀಲಿ ಬಳಿದ ರಾತ್ರಿ

ಎಸ್ಟೋನಿಯಾದವರ ನುಡಿಯಲ್ಲಿ ಕಲ್ಲಿಗೆ ‘ಕಿವಿ’ ಎನ್ನುತ್ತಾರಂತೆ.
ಹಾಗಾದರೆ ಹೆಲ್ಮಿಯ ಊರ ದಂಡೆಯ ತುಂಬ
ಕಿವಿಗಳೇ. ಗುಂಡಗಿನವು, ಪಾಚಿ ಹಿಡಿದವು,
ದೋಣಿ ಎಳೆದೂ ಎಳೆದೂ ನುಣುಪಾದವು.
ಅವಳವು ಮಾತ್ರ
ನಾಲ್ಕನೆಯ ವಯಸ್ಸಿನ ಜ್ವರದಲ್ಲಿ ಎರಡೂ ಹೋದವು.
ಅಂದೇ ಅವಳಪ್ಪ ಪ್ರೀದಿಕ್ ಮೀಸೆ ಬೋಳಿಸಿದ,
ಮಗಳು ತುಟಿ ಓದಲಿ ಎಂದು.

ಬೆಂಕಿ ಆರಿಸುವವರ ಸಂಘದ ಶೆಡ್ಡು.
ನೀರಿನ ಪಂಪನ್ನು ಹೊರಗೆ ಹಿಮಕ್ಕೆ ತಳ್ಳಿ
ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದಾರೆ.
ಮೊದಲ ಸಾಲಲ್ಲಿ ಗಡಿ ಕಾವಲಿನ ಅಧಿಕಾರಿ, ಮಡದಿ ಸಮೇತ;
ಮೂರನೆಯದರಲ್ಲಿ ಹೆಲ್ಮಿ, ಅವ್ವ,
ನಡುವೆ ಹೊಗೆಮೀನಿನ ಪೊಟ್ಟಣ.
ಇವತ್ತು ಊರೇ ಸಿನಿಮಾ.

ಹೋದ ಆಗಸ್ಟಿನಲ್ಲಿ ಟಾಲಿನ್ನಿನಿಂದ ಬಂದಿದ್ದರು,
ಮೂರು ಕಾಲಿನ ಪೆಟ್ಟಿಗೆ, ಮುಖಕ್ಕೆ ಬಣ್ಣ,
ಕಳ್ಳಸಾಗಣೆಯ ಕಥೆ ಹೊತ್ತು.
‘ಸ್ಪಿರಿಟಿನ ಡಬ್ಬ ಹೊರಲು ನಾಲ್ಕು ಗಂಡಾಳು ಬೇಕು,
ತಲೆಗೆ ಇನ್ನೂರು ಮಾರ್ಕು.’
ಊರಿಗೆ ಊರೇ ಕೆಮ್ಮಿತು.
ಆರು ವರ್ಷದಿಂದ ಕೊಲ್ಲಿಯಾಚೆಯ ಬಾಯಾರಿದ ಫಿನ್ನರಿಗೆ
ಅದನ್ನೇ ಹೊತ್ತ ಪ್ರೀದಿಕ್
ಟೋಪಿ ತೆಗೆದು ಮುಂದೆ ಬಂದ.
ಅಂಟುಮೀಸೆ ಮಾತ್ರ ಬೇಡವೆಂದ.

‘ನಿನ್ನ ನಡಿಗೆ ಕಳ್ಳನದಲ್ಲ,’ ನಿರ್ದೇಶಕ ಗದರಿದ,
‘ಬಗ್ಗು, ಆಚೀಚೆ ನೋಡು, ಹೆದರು.’
ಆಚೀಚೆ ನೋಡುವವನೇ ಸಿಕ್ಕಿಬೀಳುವುದು ಸ್ವಾಮಿ
ಅನ್ನಲಿಲ್ಲ ಅಪ್ಪ. ಬಗ್ಗಿದ.
ಡಬ್ಬ ಬೇರೆ ಖಾಲಿ.
ತುಂಬಿದ್ದನ್ನು ಹೊತ್ತು ಹಗುರ ನಟಿಸಿದ ಹೆಗಲಿಗೆ
ಖಾಲಿಯ ಭಾರ ನಟಿಸುವುದು ಬರಲೇ ಇಲ್ಲ.
ಏಳು ಸಲ ತೆಗೆದರು, ನಡು ಮಧ್ಯಾಹ್ನದ ಬಿಸಿಲಲ್ಲಿ.
ಆಮೇಲೆ ಫಿಲ್ಮನ್ನು ನೀಲಿಯಲ್ಲಿ ಅದ್ದಿ
ರಾತ್ರಿ ಮಾಡುತ್ತಾರಂತೆ.

ಈಗ ಬಟ್ಟೆಯ ಮೇಲೆ ಆ ರಾತ್ರಿ.
ಗುಂಡು ತಿಂದ ನಾಯಕ, ನಾಯಕಿಯ ತೊಡೆಯ ಮೇಲೆ.
ಬಳ್ಳಿ ಬರೆದ ಚೌಕಟ್ಟಿನಲ್ಲಿ ಅಕ್ಷರ ಮೂಡುತ್ತವೆ:
‘ಪ್ರಿಯೆ, ಕಡಲು ನನ್ನನ್ನು ಕರೆಯುತ್ತಿದೆ.’
ಪಿಯಾನೋದವಳು ಊರನ್ನೇ ಅಳಿಸುತ್ತಾಳೆ.
ಹೆಲ್ಮಿ ಕಿಸಕ್ಕನೆ ನಗುತ್ತಾಳೆ.
ಅವನ ತುಟಿ ಹೇಳಿದ್ದು ಬೇರೆ:
‘ಬೂಟಿನೊಳಗೆ ನೀರು. ಬೇಗ ಮುಗಿಸ್ರಪ್ಪ.’
ಅವ್ವ ಚಿವುಟುತ್ತಾಳೆ.

ಅಷ್ಟರಲ್ಲಿ ಅಪ್ಪ.

ಅಕ್ಟೋಬರಿನಲ್ಲಿ ನಿಜದ ಕತ್ತಲಿಗೆ ಹೋದವನು,
ದೋಣಿಯ ಎರಡು ಹಲಗೆ ಮಾತ್ರ ವಾಪಸು ಕಳಿಸಿದವನು,
ಎಡ ಅಂಚಿನಿಂದ ಬರುತ್ತಾನೆ, ನೀಲಿಯಾಗಿ,
ಡಬ್ಬ ಹೆಗಲಿಗೆ.
ನಾಲ್ಕು ಹೆಜ್ಜೆ. ತಿರುಗುತ್ತಾನೆ. ಏನೋ ಅನ್ನುತ್ತಾನೆ.
ಐದನೆಯ ಹೆಜ್ಜೆಗೆ ಬಟ್ಟೆ ಮುಗಿಯುತ್ತದೆ.

ಅವನ ಮಾತಿಗೆ ಚೌಕಟ್ಟಿಲ್ಲ, ಬಳ್ಳಿಯಿಲ್ಲ.
ಶೆಡ್ಡಿನಲ್ಲಿ ಓದಬಲ್ಲವಳು ಒಬ್ಬಳೇ.
ಚಿವುಟಿದ ಕೈಯೇ ಈಗ ಗಟ್ಟಿಯಾಗಿ ಹಿಡಿಯುತ್ತದೆ:
ಏನಂದ? ಏನಂದ?

ಅಪ್ಪ ಅಂದದ್ದು, ಹಿಂದಿನವನಿಗೆ:
‘ಕೊನೆಯದು ಖಾಲಿಯಲ್ಲ ಕಣೋ. ಎಡವಬೇಡ.’

ಮೊದಲ ಸಾಲಲ್ಲಿ ಅಧಿಕಾರಿ ಚಪ್ಪಾಳೆ ತಟ್ಟುತ್ತಿದ್ದಾನೆ.
ಹೆಲ್ಮಿ ಮೀನು ಸುತ್ತಿದ ಎಣ್ಣೆಗಾಗದದ ಮೇಲೆ
ಪೆನ್ಸಿಲು ಒತ್ತಿ ಬರೆಯುತ್ತಾಳೆ:
‘ಹೆಲ್ಮಿ ನೋಡುತ್ತಾಳೆ ಅಂದ. ಅವಳವ್ವನೂ.’
ಯಂತ್ರದ ಬೆಳಕಿಗೆ ಹಿಡಿದು ಅವ್ವ ಓದುತ್ತಾಳೆ, ನಿಧಾನ.
ತಲೆ ಅಲ್ಲಾಡಿಸುತ್ತಾಳೆ.
ಆ ಮನುಷ್ಯ ಹಾಗೆಲ್ಲ ಅನ್ನುವವನಲ್ಲ.
ಆದರೂ ಕಾಗದ ಮಡಿಸಿ ಎದೆಯೊಳಗೆ ಇಡುತ್ತಾಳೆ,
ಮೀನಿನ ವಾಸನೆ ಸಮೇತ.

ನಾಳೆ ರೀಲು ಜಾರುಬಂಡಿ ಹತ್ತಿ ಹಾಪ್ಸಾಲುವಿಗೆ.
ಅಲ್ಲೂ ನಾಲ್ಕು ಹೆಜ್ಜೆ, ಅಲ್ಲೂ ಅದೇ ಎಚ್ಚರಿಕೆ,
ಕಡಲು ಕರೆದ ನಾಯಕನಿಗೆ ಅಲ್ಲೂ ಕಣ್ಣೀರು.

ಮನೆಯ ದಾರಿಯಲ್ಲಿ ಹೆಲ್ಮಿ ಎಡವುತ್ತಾಳೆ
ಹಿಮದಡಿಯ ಒಂದು ಕಿವಿಗೆ.
ಬಗ್ಗಿ ಅದಕ್ಕೆ ಏನೋ ಹೇಳುತ್ತಾಳೆ.
ಅವಳ ಬೆನ್ನು ಈಚೆಗಿದೆ;
ತುಟಿ ಕಾಣುವುದಿಲ್ಲ.