ಮೆಟ್ಟಿಲು ಕಟ್ಟಿದವನು

ಈ ಇಗರ್ಜಿಗೆ ಏಳು ಮೆಟ್ಟಿಲು.
ಎಣಿಸಬೇಕಿಲ್ಲ, ಕಟ್ಟಿದವನು ನಾನೇ,
ಪೆನಿಯಾಮಿನಾ, ಸವಾಯಿ ದ್ವೀಪದ ಗಾರೆಯವನು.
ಕರಿ ಲಾವಾಕಲ್ಲು, ಮೇಲೆ ಹವಳದ ಸುಣ್ಣ,
ಮೂಲೆಮೂಲೆಗೂ ರಸಮಟ್ಟ ಇಟ್ಟು ನೋಡಿದ್ದೆ.
ಊರು ಹೊಗಳಿತ್ತು, ಪಾದ್ರಿ ಹಂದಿ ಸುಡಿಸಿದ್ದರು.

ಆಗ ನನಗೆ ಎರಡು ಕಾಲು.

ಸಕ್ಕರೆ ಕಾಯಿಲೆ ಮೊದಲು ಹೆಬ್ಬೆರಳು ಕೇಳಿತು,
ಆಮೇಲೆ ಪಾದ,
ಆಮೇಲೆ ಕೇಳುವ ಗೋಜಿಗೇ ಹೋಗಲಿಲ್ಲ.
ಈಗ ಭಾನುವಾರ ಬಿಳಿ ಅಂಗಿ ತೊಟ್ಟು
ದೀವಿಹಲಸಿನ ಮರದಡಿ ಗಾಲಿಕುರ್ಚಿಯಲ್ಲಿ ಕಾಯುತ್ತೇನೆ.
ನಾಲ್ಕು ಹುಡುಗರು ಬಂದು ಹೊರುತ್ತಾರೆ,
ಒಬ್ಬ ಬಾರದಿದ್ದರೆ ಇಲ್ಲ.
ಹೊತ್ತವರ ಬೆವರು ನನ್ನ ಅಂಗಿಗೆ,
ಕೂತವರ ಕಣ್ಣೆಲ್ಲ ನನ್ನ ಮೊಂಡುಗಾಲಿಗೆ.
ಮೆಲ್ಲಗೆ, ಮೆಲ್ಲಗೆ, ಅನ್ನುತ್ತಾರೆ.
ಹೆಣ ಎತ್ತುವಾಗಲೂ ಇದೇ ಮಾತು.

ಇದೇ ಮರದಡಿ ಸೇಫಿನಾ ಕೂರುತ್ತಿದ್ದಳು,
ಹುಟ್ಟಿನಿಂದ ನಡೆಯದವಳು, ಚಾಪೆ ನೇಯುವವಳು,
ಇಪ್ಪತ್ತಾರು ವರ್ಷ.
ಕಿಟಕಿಯಿಂದ ಬಿದ್ದ ಹಾಡನ್ನು ಎತ್ತಿಕೊಂಡು
ಕೆಳದನಿಯಲ್ಲಿ ಮುಗಿಸುತ್ತಿದ್ದಳು.
ರೊಟ್ಟಿಯ ಚೂರು, ಎಲ್ಲರದ್ದೂ ಆದ ಮೇಲೆ,
ನೆನಪಾದರೆ ಕೆಳಗಿಳಿಯುತ್ತಿತ್ತು.
ಎಂಥ ವಿನಯ, ಅಂದುಕೊಂಡಿದ್ದೆವು.
ನಾನೂ ಅಂದಿದ್ದೆ, ಬಾಯಿತುಂಬ.

ಗಾರೆ ಹಸಿಯಿದ್ದಾಗ ಕೇಳಿದ್ದಳು:
ಒಂದು ಬದಿ ಇಳಿಜಾರು ಮಾಡೋ, ತೆವಳಿಯಾದರೂ ಬರ್ತೀನಿ.
ನಕ್ಕಿದ್ದೆ. ದೇವರ ಮನೆ ಏನು ದೋಣಿ ಕೊಟ್ಟಿಗೆಯೇ?
ದೋಣಿಗೆ ಮಾಡಿದ್ದೆವು ನೋಡಿ. ನಾನೇ ಮಾಡಿದ್ದೆ,
ಮರದ ಹೊಟ್ಟೆ ನೋಯದಂತೆ ಜಾರಲೆಂದು
ಮರಳು ಸೋಸಿ, ನುಣ್ಣಗೆ ತಿಕ್ಕಿ.

ಏಳೂ ಮೆಟ್ಟಿಲು ಅವಳು ಹತ್ತಿದ್ದು ಒಮ್ಮೆ,
ಪೆಟ್ಟಿಗೆಯಲ್ಲಿ. ಆರು ಜನ ಸಿಕ್ಕಿದ್ದರು ಅವತ್ತು.

ಹೋದ ವಾರ ಹಿರಿಯರೆಲ್ಲ ಸುತ್ತ ನಿಂತು
ನನ್ನ ತಲೆಯ ಮೇಲೆ ಕೈಯಿಟ್ಟರು,
ಗುಣವಾಗಲೆಂದು ಕಣ್ಣು ಮುಚ್ಚಿದರು.
ಕಾಲು ಚಿಗುರೀತೇ, ನಾನೇನು ಕೆಸುವಿನ ಗೆಡ್ಡೆಯೇ?
ಕೈ ತೆಗೀರಿ, ಅಂದೆ. ಆ ಕೈಲಿ ಸನಿಕೆ ಹಿಡೀರಿ.
ನಲವತ್ತು ಮೂಟೆ ಸಿಮೆಂಟು, ಬೇಕಾದಷ್ಟು ಮರಳು,
ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಲೆಕ್ಕ ನನ್ನದು.

ಹಿತ್ತಿಲ ಬಾಗಿಲಿಗೆ ಮಾಡೋಣ, ಅಂದರು ಒಬ್ಬರು,
ಅಡುಗೆಮನೆ ಕಡೆ; ಮುಂದೆ ಅಂದಗೆಡುತ್ತೆ.
ಪಾದ್ರಿ ತಮ್ಮ ಚಪ್ಪಲಿ ನೋಡಿಕೊಂಡರು.

ಇವತ್ತು ಸೋಮವಾರ. ಯಾರೂ ಇಲ್ಲ.
ಕುರ್ಚಿಯಿಂದ ನೆಲಕ್ಕಿಳಿದಿದ್ದೇನೆ, ಕೈಯಲ್ಲಿ ಸುತ್ತಿಗೆ.
ಮೊದಲ ಮೆಟ್ಟಿಲ ಬಲಮೂಲೆ, ಮುಂಬಾಗಿಲ ಕಡೆಯದೇ.
ಬಹಳ ಗಟ್ಟಿ. ಒಳ್ಳೆಯ ಕೆಲಸ ಮಾಡಿದ್ದೆ, ಥೂ.

ಶಾಲೆ ಬಿಟ್ಟು ಬಂದ ಪಾದ್ರಿಯ ಮೊಮ್ಮಗಳು
ಏನು ಮಾಡ್ತಿದ್ದೀ ತಾತ, ಅಂದಳು.
ಸೇಫಿನಾ ಏನೋ ಕೇಳಿದ್ದಳು, ಅದಕ್ಕೆ.
ಚೀಲ ಕೆಳಗಿಟ್ಟು ಕಲ್ಲಿನ ಚೂರು ಆಯುತ್ತಾ
ಸೇಫಿನಾ ಅಂದರೆ ಯಾರು, ಅಂದಳು.

ಕೂತ್ಕೊ, ಅಂದೆ.