ಗೋಡಿ ಮೊದಲು

ಮೈಂದರ್ಗಿಯೊಳಗ ಗುರುಬಾಳಪ್ಪನ ಗಿರಣಿ ಹಿಂದ
ಮನಿ ಎದ್ದದ್ದು ತಿರುವುಮುರುವು.
ಗೋಡಿ ಮೊದಲು. ಕಂಬ ಆಮ್ಯಾಲ.

ದಾರ್ಯಾಗ ಹೋಗಾವ್ರು ನಿಂತು ನಕ್ಕರು.
ಅಳಿಯ ಸೊಲ್ಲಾಪುರದಿಂದ ಬಂದಾಂವ
ಮೋಟರ್ ಸೈಕಲ್ ಮ್ಯಾಲಿಂದ ಇಳೀದನ ಅಂದ:
"ಸಳಿ ನಿಂತಿಲ್ಲ, ಕಂಬ ಇಲ್ಲ, ಇದೆಂಥಾ ಆರ್‌ಸಿಸಿ ಮಾಮಾ?
ಮೊದಲು ಕಂಬ ನಿಲ್ಲಿಸ್ರಿ, ನಡಕ ಇಟ್ಟಂಗಿ ತುಂಬ್ರಿ,
ಊರೆಲ್ಲ ಹಂಗಽ ಕಟ್ಟೂದು."

ಸೈಫನ್ ಗೌಂಡಿ ಓಳಂಬಿ ಇಳಿಬಿಟ್ಟು
ಒಂದು ಕಣ್ಣು ಮುಚ್ಚಿ ನೋಡಾಕತ್ತಿದ್ದ.
ಮುಚ್ಚಿದ ಕಣ್ಣು ತೆರೀದನ ಹೇಳಿದ:
"ಕಂಬ ಮೊದಲು ಬಂತಂದ್ರ ಗೋಡಿ ಬಾಡಿಗಿ ಮನಷ್ಯಾ ಆಗ್ತೈತಿ.
ಭೂಮಿ ಅಲುಗಿದ್ರ
ಮೊದಲು ಅವನಽ ಹೊರಗ ಬೀಳಾಂವ."

ನಾನು ಅವನ ಕೈಯಾಗಿನ ಬಿಗಾರಿ, ಭೌರವ್ವ.
ನಕ್ಷಾ ಮರಾಠಿಯೊಳಗ, ಬೈಗಳ ಕನ್ನಡದಾಗ,
ಇಟ್ಟಂಗಿ ಲೆಕ್ಕ ಅವ ಉರ್ದುದಾಗ ಹಾಕ್ತಾನ.
ಸಂಜಿಗೆ ಮೂರೂ ಕೂಡಿ ಒಂದಽ ಗೋಡಿ ಆಗ್ತಾವ.

ಇಟ್ಟಂಗಿ ಟಾಕಿಯಾಗ ಹಾಕಿ
ಗುಳುಗುಳು ನಿಲ್ಲೂತನಕ ನೆನಸ್ತೀನಿ.
ಒಣಾ ಇಟ್ಟಂಗಿ ನೀರು ಕುಡದು ಬಿಟ್ರ ಮಾಲು ಸಾಯ್ತೈತಿ.
ಗೋಡಿ ತುದಿಗೆ ಒಂದು ವರಸಿ ಹೊರಗ, ಒಂದು ಒಳಗ,
ಹಲ್ಲು ಬಿಟ್ಟು ಏರಸ್ತಾನ ಅವ.
ಹಲ್ಲು ಸಂದ್ಯಾಗ ಬಿದ್ದ ಮಾಲು ಕೆರದು
ಬೇವಿನ ಕಡ್ಡಿಲೆ ತಿಕ್ಕೂದು ನನ್ನ ಪಾಳಿ.
"ಹೊಲಸು ಹಲ್ಲು ಕಚ್ಚೂದಿಲ್ಲ, ಭೌರಾ."

ಆ ಬಾಯಾಗ ಮೂರು ಸೂತಿನ ಸಳಿ ನಾಕು,
ಚೋಟಿಗೊಂದು ರಿಂಗು.
ರಿಂಗಿನ ಕೊಕ್ಕಿ ಒಳಮುಖ ಮಡಚಿಲ್ಲಂದ್ರ
ಕಿತ್ತು ಒಗದು ಅವತ್ತಿನ ಊಟಾನೂ ಬಿಡಾಂವ.
ಹಲಗಿ ಬಡದು ಕಾಂಕ್ರೀಟು ಸುರದ ಮ್ಯಾಲ
ಕಂಬ ಗೋಡೀನ್ನ ಹಿಡೀತೋ, ಗೋಡಿ ಕಂಬಾನ್ನ ಕಚ್ಚೀತೋ,
ಹಲಗಿ ಬಿಚ್ಚಿದ ಮುಂಜಾನಿ ನಡುವಿನ ಗೆರಿ ಹುಡುಕಿದೆ,
ಸಿಗಲಿಲ್ಲ.
ಕೌದಿ ತುಂಡೆಲ್ಲಾ ಕೂಡಿಸಿ ಆಮ್ಯಾಲ ಅಂಚು ಹೊಲೀತೀವಿ.
ಅಂಚು ಮೊದಲು ಹೊಲದು ನಡುವ ಚಿಂದಿ ತುರುಕಿದ ಕೌದಿ
ಯಾರರ ಹೊಚಗೊಂಡಾರೇನು?

ಕಿಡಕಿ ಎರಡೂ ಮಗ್ಗಲಿಗೆ ಮತ್ತ ಕಂಬ.
ಮ್ಯಾಲ ಸುತ್ತಲೂ ಪಟ್ಟಿ,
ಬಾಣಂತಿ ನಡಕ್ಕ ಹಳೇ ಸೀರಿ ಬಿಗದಂಗ.
ಗುರುಬಾಳಪ್ಪನ ಹೇಣ್ತಿ ದೊಡ್ಡ ಕಿಡಕಿ ಬೇಕಂದ್ಲು,
ಒಲಿ ಮುಂದ ಕುಂತ್ರ ಗಿರಣಿ ಕಾಣಬೇಕಂತ.
ಮೂರು ದಿನ ಮಾತು ಬಿಟ್ಟರು ಆಕಿ, ಗೌಂಡಿ.
ಕಿಡಕಿ ಸಣ್ಣದಾತು.
ಆಕಿ ಇನ್ನೂ ಅವನಿಗೆ ಚಾ ಕೊಡೂದಿಲ್ಲ.

ಒಮ್ಮೆ ರೊಟ್ಟಿ ಬಿಚ್ಚಿದಾಗ ಕೇಳಿದೆ.
ತೊಂಬತ್ಮೂರರಾಗ ಅವನಿಗೆ ಹನ್ನೊಂದು ವರ್ಷ.
ಕಿಲ್ಲಾರಿ ಕಡೆ ಖಾಲಾನ ಊರು, ಗಣಪತಿ ಕಳಿಸಿದ ರಾತ್ರಿ.
ಎರಡೂವರಿ ಫೂಟಿನ ಕಲ್ಲಗೋಡಿ:
ಹೊರಗಿನ ಕಲ್ಲು ಹೊರಗ ಹೋತು,
ಒಳಗಿನ ಕಲ್ಲು ಒಳಗ,
ನಡುವಿನ ಮಣ್ಣು ಎಲ್ಲಾರ ಬಾಯಾಗ.
"ಕಣಿಕಿ ಗುಡಸಲ ನಿಂತಿತ್ತು, ಭೌರಾ.
ಅದರಾಗ ಆಡು ಮೆಲಕ ಹಾಕಾಕತ್ತಿತ್ತು."
ಅಷ್ಟಽ ಹೇಳಿ ಉಳಿದ ರೊಟ್ಟಿ ಮಡಚಿಟ್ಟ.
ಎಷ್ಟು ಮಂದಿ ಅಂತ ನಾನೂ ಕೇಳಲಿಲ್ಲ.

ಸ್ಲಾಬ್ ಹಾಕಿದ ದಿನ ಅಳಿಯ ಮತ್ತ ಬಂದ,
ಗೋಡಿಗೆ ಒದ್ದು ನೋಡಿದ,
ಕಾಲು ಹಿಡಕೊಂಡು ಉಸುಕಿನ ಗುಂಪಿ ಮ್ಯಾಲ ಕುಂತ.

ನನ್ನ ಮನಿ? ಅದಽ ಕಲ್ಲು, ಅದಽ ಮಣ್ಣು,
ಮ್ಯಾಲ ಅಜ್ಜನ ಕಾಲದ ಮಾಳಗಿ.
ಸೋರಿದಾಗೊಮ್ಮೆ ಮತ್ತೆರಡು ಬುಟ್ಟಿ ಮಣ್ಣು ಅದರ ತಲಿ ಮ್ಯಾಲ.
ಮಂದಿ ಮನಿ ಹಲ್ಲು ತಿಕ್ಕಿ ಬಂದು
ಅದರ ಬುಡಕ ಮಲಗ್ತೀನಿ.
ಹಾಸಗಿ ಗೋಡಿ ಬಿಟ್ಟು ಬಾಗಲ ಕಡೆ ಎಳದೀನಿ.
ಕತ್ತಲಾಗ ಕಣ್ಣಲೆ ಕಂಬ ನಿಲ್ಲಸ್ತೀನಿ:
ಒಲಿ ಮೂಲ್ಯಾಗ ಒಂದು, ಕಾಳಿನ ಚೀಲದ ಹತ್ರ ಒಂದು,
ಬಾಗಲಕ್ಕ ಎರಡು.
ಸಳಿ ಲೆಕ್ಕ ಮುಗಿಯೂದ್ರಾಗ ಪಗಾರ ಮುಗೀತೈತಿ.

ಉಳಿದ ರಿಂಗೊಂದು ಕೇಳಿ ತಂದೀನಿ.
ತೊಲಿಗೆ ದಾರ ಕಟ್ಟಿ ಇಳಿಬಿಟ್ಟು
ಮಗ್ಗಲಿಗೆ ಹಿತ್ತಾಳಿ ತಂಬಿಗಿ ಇಟ್ಟೀನಿ,
ತಾಗಾಕ ಒಂದು ಬಟ್ಟು ಬಾಕಿ.
ಮಗಳು ಕೇಳ್ತಾಳ, ಇದು ಯಾವ ದೇವರ ಗಂಟಿ?
ತೊಲಿ ಮ್ಯಾಲ ಇಲಿ ಓಡಿದ್ರೂ ಒಮ್ಮೊಮ್ಮೆ ಟಣ್ ಅಂತೈತಿ.
ನಾ ಎದ್ದು ಕುಂಡ್ರತೀನಿ,
ಇಲೀನಽ ಹೌದಂತ ಖಾತ್ರಿ ಆಗೂತನಕ.