ಎಣ್ಣೆಯ ಲೆಕ್ಕ

ಟ್ರೊಮ್ಸೊ, ಜನವರಿ. ಸೂರ್ಯ ಮುಖ ತೋರಿಸಿ
ಐವತ್ತು ದಿನ ದಾಟಿತು.
ತಣ್ಣನೆಯ ಕೋಣೆಯೊಳಗೆ ಎರಡೇ ಡಿಗ್ರಿ,
ಒಂದು ಕೆಂಪು ದೀಪ, ಅರವತ್ತು ಗಾಜಿನ ತಟ್ಟೆ,
ತಟ್ಟೆಗೊಬ್ಬಳು.
ನಾನು ಎಣಿಸುವವಳು. ಹೆಸರು ಟೋರ್ಗುನ್.
ಇಪ್ಪತ್ತೊಂಬತ್ತು ಚಳಿಗಾಲ ಇದೇ ಕೆಲಸ.

ಪುಸ್ತಕದಲ್ಲಿ ಅವಳಿಗೆ ಉದ್ದನೆಯ ಲ್ಯಾಟಿನ್ ಹೆಸರು.
ಬೆಸ್ತರ ಬಾಯಲ್ಲಿ ಬರೀ ಮೇವು,
ಹೆರಿಂಗಿನ ಹೊಟ್ಟೆ ಸೀಳಿದರೆ ಕೆಂಪಗೆ ಸಿಗುವುದು.
ಅಕ್ಕಿಕಾಳಿನುದ್ದದ ಮೈ, ಗಾಜಿನಂಥ ಮೈ,
ಅದರುದ್ದಕ್ಕೂ ಒಂದು ಎಣ್ಣೆಯ ಚೀಲ.
ಬೇಸಿಗೆಯ ಹಸಿರು ಮೇದು ಕೂಡಿಟ್ಟದ್ದು
ಅಷ್ಟೂ ಅದರಲ್ಲೇ.
ಈಗ ಮುನ್ನೂರು ಮೀಟರ್ ಆಳದಲ್ಲಿ
ಮೇವಿಲ್ಲ, ಬೆಳಕಿಲ್ಲ,
ಬಾಣಂತನ ಮಾಡುವವರು ಯಾರೂ ಇಲ್ಲ.
ಅಲ್ಲೇ ಹೆರುತ್ತಾಳೆ,
ತನ್ನ ದೀಪದ ಎಣ್ಣೆ ತಾನೇ ಬಸಿದು.

ಕಿತ್ತಳೆ ಬಣ್ಣದ ಚುಕ್ಕಿಗಳು, ಹಗುರ,
ಬಿಟ್ಟೊಡನೆ ಮೇಲಕ್ಕೇಳುತ್ತವೆ.
ತಿರುಗಿ ನೋಡಲು ಅವಕ್ಕಿನ್ನೂ ಕಣ್ಣಿಲ್ಲ,
ಹಿಂದೆಯೇ ಹೋಗುವ ಬಲ ಅವಳಿಗಿಲ್ಲ.

ಅವಳ ಪುಟ್ಟ ನೆಂಟಳೊಬ್ಬಳು ಬೇರೆ ದಾರಿ ಹಿಡಿದಳು:
ಮೊಟ್ಟೆಯ ಎರಡು ಗಂಟು ಬಾಲದ ಇಬ್ಬದಿಗೆ ಕಟ್ಟಿಕೊಂಡೇ ಈಜು,
ಒಡೆಯುವ ತನಕ ಇಳಿಸುವುದಿಲ್ಲ.
ಮೀನಿನ ಕಣ್ಣಿಗೆ ಗಂಟು ಎದ್ದು ಕಾಣುತ್ತದೆ,
ಓಡೋಣವೆಂದರೆ ಭಾರ.
ಹೊತ್ತವಳಿಗೊಂದು ಬೆಲೆ, ಬಿಟ್ಟವಳಿಗೊಂದು.
ಪುಕ್ಕಟೆ ಹೆತ್ತವಳನ್ನು ನಾನಿನ್ನೂ ಎಣಿಸಿಲ್ಲ.

ನನ್ನಮ್ಮ ಆಂಡೆನೆಸ್‌ನಲ್ಲಿ ಕಾಡ್ ಸೀಳುತ್ತಿದ್ದಳು.
ಮಗುವಿಗೊಂದು ಹಲ್ಲು, ಅನ್ನುತ್ತಿದ್ದಳು,
ಬಾಯಿ ತೆರೆದು ತೋರಿಸುತ್ತಿದ್ದಳು:
ಇದು ಆಸ್‌ಲೌಗ್, ಇದು ಹಲ್ವಾರ್, ಈ ಕಿಟಕಿ ನೀನು.
ನಗುತ್ತಿದ್ದೆ.
ನನ್ನ ಮಗ ಹುಟ್ಟಿದ ವರ್ಷ
ಎಡದವಡೆಯದೊಂದು ಅಲುಗಾಡಿತು.
ಈಗಲೂ ಎಣಿಸುವಾಗ ನಾಲಗೆ ಅಲ್ಲಿಗೇ ಹೋಗುತ್ತದೆ.

ಈ ಸಲ ಹೊಸ ಹುಡುಗಿ, ಯೋರುನ್, ಸಂಶೋಧನೆಗೆ.
ಗಂಡು ಕಾಣದ ಇಪ್ಪತ್ತು ಹೆಣ್ಣು ಒಂದು ಸಾಲು,
ಹೆರುವ ನಲವತ್ತು ಇನ್ನೊಂದು;
ಯಾರು ಎಷ್ಟು ದಿನ ಬಾಳಿದರು, ಅಷ್ಟೇ ಪ್ರಶ್ನೆ.
ಉತ್ತರ ಅವಸರವಿಲ್ಲದೆ ಬರುತ್ತಿದೆ.
ಹೆರುವ ಸಾಲಿನಲ್ಲಿ ತಟ್ಟೆಗಳು
ಒಂದೊಂದೇ ಖಾಲಿ.

ಮಂಗಳವಾರ ಫಾರ್ಮಲಿನ್ ಮುಚ್ಚಳ ತೆಗೆದೆ.
ಅವಳು ತೊಟ್ಟಿಯತ್ತ ಓಡಿದಳು.
ನಲ್ಲಿಯ ಸದ್ದು ಬಹಳ ಹೊತ್ತು.
ಬಂದವಳು, ಬೆಳಗಿನ ಹೆರಿಂಗ್ ಕೆಟ್ಟಿತ್ತು, ಅಂದಳು.
ಹೌದು, ಹೆರಿಂಗ್, ಅಂದೆ.
ಮರುದಿನ ಬಾಟಲಿ ಹೊರಗಿನ ಕಪಾಟಿನಲ್ಲಿತ್ತು.
ಯಾರು ಇಟ್ಟರೆಂದು ಅವಳು ಕೇಳಲಿಲ್ಲ.

ಹದಿನೇಳನೆಯ ತಟ್ಟೆಯವಳು ಮಾತ್ರ
ಒಂದೇ ಸಲ ಹೆತ್ತು ನಿಲ್ಲಿಸಿಬಿಟ್ಟಿದ್ದಾಳೆ.
ನಲವತ್ತೊಂದು ಮೊಟ್ಟೆ. ಆಮೇಲೆ ಸುಮ್ಮನೆ.
ಅರ್ಧ ಚೀಲ ಎಣ್ಣೆ ಹಾಗೇ ಹೊಳೆಯುತ್ತಿದೆ.
ಲೆಕ್ಕಕ್ಕೆ ಕೂರುವುದಿಲ್ಲ ಇವಳು, ತೆಗೆದುಬಿಡಲೇ?
ಪೆನ್ಸಿಲ್ ಕಚ್ಚಿಕೊಂಡು ಯೋರುನ್ ಕೇಳಿದಳು.
ಇನ್ನೊಂದು ಬೇಸಿಗೆ ನೋಡುವ ಆಸೆಯಿರಬಹುದು,
ಇರಲಿ, ಅಂದೆ.
ನನಗೂ ಒಬ್ಬನೇ ಸಾಕು ಅನ್ನಿಸಿತ್ತು.
ಅದನ್ನು ಹೇಳಲಿಲ್ಲ.

ಇಪ್ಪತ್ತೊಂದಕ್ಕೆ
ಗುಡ್ಡದ ಹೆಗಲ ಮೇಲೆ ಬೆಳಕಿನ ಒಂದೆಳೆ.
ಊರೆಲ್ಲ ಜಾಮ್ ತುಂಬಿದ ಸೂರ್ಯನ ಬನ್ನು.
ಯೋರುನ್ ಎರಡು ತಿಂದಳು, ಆದರೂ
ಕಣ್ಣು ಪೊಟ್ಟಣದ ಮೇಲೆ.
ನನ್ನದನ್ನು ಅವಳತ್ತ ಸರಿಸಿದೆ.
ಎರಡು ಜೀವದವಳ ಹಸಿವಿಗೆ
ನಮ್ಮ ವಹಿಯಲ್ಲಿ ಅಂಕಣವಿಲ್ಲ.
ಅವಳು ನನ್ನನ್ನೊಮ್ಮೆ ನೋಡಿದಳು, ತೆಗೆದುಕೊಂಡಳು.

ಬೆರಳಿನ ಸಕ್ಕರೆ ನೆಕ್ಕಿ ಒಳಗೆ ಹೋದೆವು,
ಕೆಂಪು ದೀಪ ಹಚ್ಚಿ
ಹದಿನೇಳರಿಂದ ಶುರುಮಾಡಿದೆವು.